ವಿಭೂತಿಯ ಹಿಂದಿನ ಹಳದಿ ದೀಪ

ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದುದು ನನಗೊಬ್ಬಳಿಗೇ. ನನ್ನ ಯಜಮಾನರು ಹೆಬ್ಬಾಳದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವವರು. ಡ್ರೈವಿಂಗ್ ಕಲಿಯುತ್ತೇನೆಂದು ಹೊರಟು, ಮೂರನೆಯ ದಿನ ನಮ್ಮದೇ ಗೇಟಿಗೆ ಗುದ್ದಿ, "ಇದು ನನ್ನ ಜಾತಕದಲ್ಲಿಲ್ಲ ಕಣೇ" ಎಂದು ಕೈತೊಳೆದುಕೊಂಡಿದ್ದರು. ಸೊಟ್ಟಗಾದ ಗೇಟು ನೋಡಿ ನಾನು ನಕ್ಕೆ. "ನಗೋದು ಸುಲಭ, ನೀನೇ ಕಲಿ ನೋಡೋಣ" ಎಂದರು. ನನಗೆ ಅಷ್ಟು ಸಾಕಾಯಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು, ಹಟಕ್ಕೆ ಬಿದ್ದರೆ ಊಟ ತಿಂಡಿಯೂ ಬೇಡ. ನಲವತ್ತು ದಾಟಿದ ಮೇಲೆ ಲೈಸೆನ್ಸ್ ತೆಗೆದುಕೊಂಡೆ. ಅದಾಗಿ ಒಂದು ವರ್ಷಕ್ಕೆ ಕಾರೂ ಬಂತು.

ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷ ಆಗಿದ್ದ ಕಾಲ. ಕಾರು ಹೊಸದೇನಲ್ಲ, ಒಬ್ಬ ಡಾಕ್ಟರು ಓಡಿಸಿ ಮಾರಿದ ಬಿಳಿ ಪೆಟ್ರೋಲ್ ಕಾರು. ಜಯಲಕ್ಷ್ಮಿಪುರಂನಲ್ಲಿ ನಮ್ಮ ಮನೆ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಲೈಬ್ರರಿ ನಡೆದರೆ ಹತ್ತು ನಿಮಿಷ. ಹಾಗಿದ್ದ ಮೇಲೆ ಕಾರು ಯಾಕೆ ಎಂದು ಬೀದಿಯವರೆಲ್ಲ ಕೇಳಿದರು. ಕಾರು ನಮ್ಮ ಅತ್ತೆಗಾಗಿ.

ಅತ್ತೆಯ ಎರಡು ಮಂಡಿಗಳೂ ಕೈಕೊಟ್ಟು ವರ್ಷಗಳಾಗಿದ್ದವು. ಬಸ್ಸಿನ ಮೆಟ್ಟಿಲು ಹತ್ತುವಂತಿರಲಿಲ್ಲ, ಆಟೋದಲ್ಲಿ ಕುಲುಕಿದರೆ ಎರಡು ದಿನ ಏಳುವಂತಿರಲಿಲ್ಲ. ಅವರ ಒಬ್ಬಳೇ ತಂಗಿ ಇದ್ದದ್ದು ಮಂಡಕಳ್ಳಿಯ ಆಚೆಗಿನ ಹಳ್ಳಿಯಲ್ಲಿ, ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಆದರೂ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದು ಮದುವೆ ಮನೆಗಳಲ್ಲಿ ಮಾತ್ರ. ಕಾರು ಬಂದ ಮೇಲೆ ಪ್ರತಿ ಭಾನುವಾರ ನಾನು ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿಕೊಂಡು ಅಲ್ಲಿಗೆ ಹೊರಡುತ್ತಿದ್ದೆ. ಅಕ್ಕತಂಗಿಯರು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಲೋ ಹೂ ಕಟ್ಟುತ್ತಲೋ ಕೂತರೆ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ. ಅರವತ್ತು ವರ್ಷದ ಹಿಂದೆ ಯಾರೋ ಕದ್ದ ಮಾವಿನಕಾಯಿಗೆ ಇವತ್ತು ನಗುವವರು. ಅವರನ್ನು ನೋಡುತ್ತಾ ಚಾಪೆಯ ಮೇಲೆ ಒಂದು ನಿದ್ದೆ ತೆಗೆಯುವುದು ನನ್ನ ಜೀವನದ ದೊಡ್ಡ ಸುಖಗಳಲ್ಲಿ ಒಂದಾಗಿತ್ತು.

ಆ ವರ್ಷದ ಆಯುಧಪೂಜೆಗೆ ಕಾರಿನ ಸಡಗರ ನಮ್ಮೆಲ್ಲರಿಗಿಂತ ಜೋರಾಗಿತ್ತು. ಯಜಮಾನರು ಪೈಪು ಹಿಡಿದು ಒಳಗೆ ಹೊರಗೆ ಎಲ್ಲ ತೊಳೆದರು. ಚಕ್ರಕ್ಕೆ ನಿಂಬೆಹಣ್ಣು, ಮುಂದೆ ಬಾಳೆಕಂದು, ಬಾನೆಟ್ಟಿನ ಮೇಲೆ ಚೆಂಡು ಹೂವಿನ ಹಾರ. ನಮ್ಮದು ಶಿವಪೂಜೆಯ ಮನೆ. ಅತ್ತೆ ವಿಭೂತಿಗಟ್ಟಿ ನೀರಿನಲ್ಲಿ ತೇಯ್ದುಕೊಂಡು ಕಂಡಕಂಡಲ್ಲೆಲ್ಲ ಮೂರು ಬೆರಳು ಎಳೆದರು. ಗಾಜಿಗೆ, ಸ್ಟೀರಿಂಗಿಗೆ, ಗೇರಿನ ತಲೆಗೆ, ಮೀಟರುಗಳ ಮುಂದಿನ ಗಾಜಿಗೂ ಬಿತ್ತು. ಇಷ್ಟಾದರೂ ಅವರಿಗೆ ಸಮಾಧಾನವಿಲ್ಲ.

"ಇದರ ಮುಚ್ಚಳ ತೆಗೀರಪ್ಪ. ಆಯುಧ ಇರೋದು ಒಳಗಲ್ವಾ? ಬರೀ ತಗಡಿಗೆ ಪೂಜೆ ಮಾಡಿದ್ರೆ ಏನು ಬಂತು?"

ಮಾತಿನಲ್ಲಿ ನ್ಯಾಯ ಇತ್ತು. ಯಜಮಾನರು ಬಾನೆಟ್ ಎತ್ತಿ ನಿಲ್ಲಿಸಿದರು. ಎಂಜಿನ್ನಿಗೂ ವಿಭೂತಿ, ಕುಂಕುಮ, ಹೂವು ಆಯಿತು. ಅಷ್ಟರಲ್ಲಿ ಅತ್ತೆ ಹೊರಗಿನಿಂದ ಕೂಗಿದರು, "ಊದುಬತ್ತಿ ಸಿಗಿಸಕ್ಕೆ ಒಂದು ಬಾಳೆಹಣ್ಣು ತಾರಮ್ಮಾ."

ನಾನು ಅಡುಗೆಮನೆಯಲ್ಲಿದ್ದೆ. ಪೂಜೆ ಆಗುವ ತನಕ ತಿಂಡಿ ಇಲ್ಲ ಎಂಬ ನಿಯಮ, ಗಂಟೆ ಹನ್ನೆರಡಾಗಿತ್ತು. ಹಸಿವು ತಡೆಯಲಾರದೆ, ಉಳಿದಿದ್ದ ಒಂದೇ ಬಾಳೆಹಣ್ಣನ್ನು ಆಗತಾನೇ ಬಾಗಿಲ ಮರೆಯಲ್ಲಿ ನಿಂತು ನುಂಗಿದ್ದೆ. ಸಿಪ್ಪೆ ಇನ್ನೂ ಕೈಯಲ್ಲಿತ್ತು.

"ಹಣ್ಣೆಲ್ಲ ಮುಗೀತು ಅತ್ತೆ, ಅಲ್ಲೇ ಎಲ್ಲಾದ್ರೂ ಸಿಗಿಸಿ" ಎಂದು ಬಾಯಿ ಒರೆಸಿಕೊಂಡು ಕೂಗಿದೆ.

ಪೂಜೆ ಚೆನ್ನಾಗಿ ನಡೆಯಿತು. ಬೂದುಗುಂಬಳಕಾಯಿ ಒಡೆದೆವು, ಬೀದಿಗೆಲ್ಲ ಕಡ್ಲೆಪುರಿ ಹಂಚಿದೆವು. ಮೂರು ದಿನ ಬಿಟ್ಟು ಕಾರು ತೆಗೆದಾಗ ಮೀಟರಿನ ಗಾಜಿನ ಮೇಲೆ, ವಿಭೂತಿ ಪಟ್ಟೆಗಳ ನಡುವೆ, ಒಂದು ಹಳದಿ ಚುಕ್ಕೆ ಕಾಣಿಸಿತು. ಅತ್ತೆ ಅರಿಶಿನವನ್ನೂ ಇಟ್ಟಿದ್ದಾರೆ ಅಂದುಕೊಂಡೆ. ಎರಡು ದಿನ ಆ ಅರಿಶಿನವನ್ನು ನೋಡಿ ಕೈಮುಗಿದೇ ಗಾಡಿ ತೆಗೆದೆ. ಮೂರನೆಯ ದಿನ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದೆ. ವಿಭೂತಿ ಹೋಯಿತು, ಅರಿಶಿನ ಹೋಗಲಿಲ್ಲ. ಇನ್ನಷ್ಟು ಉಜ್ಜಿದೆ. ಆಗ ಗೊತ್ತಾಯಿತು, ಅದು ಗಾಜಿನ ಹಿಂದೆ ಉರಿಯುತ್ತಿದ್ದ ದೀಪ. ಎಂಜಿನ್ನಿನ ಚಿತ್ರ ಇರುವ ಪುಟ್ಟ ದೀಪ. ಡಾಕ್ಟರು ಕಾರು ಕೊಡುವಾಗ, "ಈ ದೀಪ ಹತ್ತಿದರೆ ಅಸಡ್ಡೆ ಮಾಡಬೇಡಿ" ಎಂದು ಹೇಳಿದ್ದು ಅದನ್ನೇ.

ಗಮನ ಕೊಟ್ಟ ಮೇಲೆ ಉಳಿದ ರೋಗಗಳೂ ಕಂಡವು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಮೆಟ್ಟಿಲು ಹತ್ತಿ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ಪೆಟ್ರೋಲೂ ಹೆಚ್ಚು ಕುಡಿಯುತ್ತಿತ್ತು. ಸಿಟ್ಟು ನೆತ್ತಿಗೇರಿತು. ಸಿಟ್ಟಿಗೆ ಒಬ್ಬ ಅಪರಾಧಿ ಬೇಕಲ್ಲ, ಯಜಮಾನರು ಸಿಕ್ಕರು.

"ನೀವು ಪೈಪು ಹಿಡಿದು ಎಂಜಿನ್ನಿಗೆಲ್ಲ ಅಭಿಷೇಕ ಮಾಡಿದ್ರಲ್ಲ, ಅದಕ್ಕೇ ಹೀಗಾಗಿರೋದು!"

"ಅಮ್ಮನೇ ತೊಳಿ ಅಂದ್ರು ಕಣೇ."

"ಅಮ್ಮ ಬಾವಿಗೆ ಬೀಳಿ ಅಂದ್ರೆ ಬೀಳ್ತೀರಾ?"

ಒಳಗೆ ಜಪ ಮಾಡುತ್ತಿದ್ದ ಅತ್ತೆ ಕೆಮ್ಮಿದರು.

ಊರಾಚೆಯ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ಹೋದೆ. ಟೈ ಕಟ್ಟಿದ ಹುಡುಗರು ಒಂದು ಯಂತ್ರ ಸಿಕ್ಕಿಸಿ, ಅದರ ಪರದೆ ನೋಡಿ, ಗಂಭೀರವಾಗಿ ಹೇಳಿದರು. ಎಂಜಿನ್ನಿನ ಹೊಗೆ ಆಚೆ ಹೋಗುವ ಕೊಳವೆಯಲ್ಲಿ ಒಂದು ಸೆನ್ಸರ್ ಇರುತ್ತದಂತೆ. ಅದು ಹೊಗೆಯನ್ನು ಮೂಸಿ ನೋಡಿ ಪೆಟ್ರೋಲು ಹೆಚ್ಚೋ ಗಾಳಿ ಹೆಚ್ಚೋ ಹೇಳುತ್ತದಂತೆ. ಅದು ಹೋಗಿದೆ. ಅದರ ಜೊತೆಗೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿಯೂ ಹೋಗಿರಬಹುದು, ಎರಡನ್ನೂ ಬದಲಾಯಿಸಿದರೆ ಒಳ್ಳೆಯದು. ಅವರು ಕೊಟ್ಟ ಅಂದಾಜಿನ ಚೀಟಿ ನೋಡಿದೆ. ನನ್ನ ಮೂರು ತಿಂಗಳ ಸಂಬಳ ಅದರಲ್ಲಿ ಕೂತಿತ್ತು.

ಮನೆಗೆ ಬಂದು ಚೀಟಿಯನ್ನು ಯಜಮಾನರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿ ಓದಿ, ಕನ್ನಡಕ ತೆಗೆದು, "ಮಾರ್ಬುಡೋಣ ಕಣೇ" ಎಂದರು. ಎದುರು ಮನೆಯವರಿಗೆ ಆ ಕಾರಿನ ಮೇಲೆ ಮೊದಲಿನಿಂದಲೂ ಒಂದು ಕಣ್ಣು. ದೀಪ ಉರಿಯುತ್ತಿದ್ದರೂ ಪರವಾಗಿಲ್ಲ, ಅರ್ಧ ಬೆಲೆಗೆ ಕೊಡುವುದಾದರೆ ಭಾನುವಾರ ಸಂಜೆಯೊಳಗೆ ಹೇಳಿ ಎಂದಿದ್ದರು. ನನಗೆ ಅಳು ಬಂತು. ಕಾರು ಹೋದರೆ ಹೋಗಲಿ, ಭಾನುವಾರಗಳು ಹೋಗುತ್ತವಲ್ಲ. ಅತ್ತೆ ಆ ರಾತ್ರಿ ತಂಗಿಗೆ ಫೋನು ಮಾಡಿ, "ಈ ಸಲ ಬಂದ್ರೆ ಬಂದೆ, ಇಲ್ದಿದ್ರೆ ನೀನೇ ಯಾವಾಗ್ಲಾದ್ರೂ ಬಸ್ಸಲ್ಲಿ ಬಾ" ಎಂದದ್ದು ಕೇಳಿಸಿತು. ಆ ತಂಗಿಗೂ ಎಪ್ಪತ್ತಾಗಿತ್ತು.

ನಮ್ಮ ಲೈಬ್ರರಿಯ ಅಟೆಂಡರಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. "ನಂಜನಗೂಡು ರಸ್ತೇಲಿ ನಮ್ಮೂರೋರು ಒಬ್ರು ಅವ್ರೆ ಮೇಡಂ. ಮೊದ್ಲು ಟ್ರ್ಯಾಕ್ಟರ್ ಮೆಕ್ಯಾನಿಕ್. ಮಾರೋಕೆ ಮುಂಚೆ ಒಂದ್ಸಲ ತೋರಿಸ್ಬುಡಿ" ಎಂದ. ಭಾನುವಾರ ಬೆಳಗ್ಗೆ ಹೊರಟೆ. ಯಜಮಾನರಿಗೆ ಅಂದು ಶಿಫ್ಟು. ಅತ್ತೆ ಆಗಲೇ ಸೀರೆ ಉಟ್ಟು, ಊದುಬತ್ತಿ, ಹೂವು, ವಿಭೂತಿ ಇರುವ ಕೈಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದರು.

"ಎಂಗೂ ಅದೇ ದಾರಿ ಅಲ್ವಾ? ರಿಪೇರಿ ಆದ್ರೆ ಅಂಗೇ ಮುಂದಕ್ಕೆ ಓಗ್ಬುಡಾನ."

ಹೊಂಗೆ ಮರದ ಕೆಳಗೆ ತಗಡಿನ ಚಪ್ಪರ, ಅದೇ ವರ್ಕ್‌ಶಾಪು. ಮೆಕ್ಯಾನಿಕ್ಕಿಗೆ ಅರವತ್ತರ ಹತ್ತಿರ. ಖಾಕಿ ಅಂಗಿ, ಹಣೆಯಲ್ಲಿ ಕುಂಕುಮ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಕೇಳಿದ ಮೊದಲ ಪ್ರಶ್ನೆ, "ಎಂದಿಂದ ಅತ್ಕೊಂಡದೆ ದೀಪ?"

"ಆಯುಧಪೂಜೆ ಆದ್ಮೇಲಿಂದ."

ಅವರು ಹೊಟ್ಟೆ ಕುಣಿಸಿ ನಕ್ಕರು. "ಅಬ್ಬ ಆಗಿ ವಾರಕ್ಕೆ ನಮ್ಗೆ ಸುಗ್ಗಿ ಕಣವ್ವ. ನೆನ್ನೆ ಒಬ್ರು ಬಂದಿದ್ರು, ಚೆಂಡೂವಿನ ಆರ ಫ್ಯಾನಿಗೆ ಸುತ್ಕೊಂಡು. ಮೊನ್ನೆ ಇನ್ನೊಬ್ರು, ನಿಂಬೆಹಣ್ಣು ಬ್ರೇಕಿನ ಕೆಳಕ್ಕೆ ಉರುಳ್ಸ್ಕೊಂಡು. ದೇವ್ರು ಒಳ್ಳೇದು ಮಾಡ್ತಾನೆ, ಭಕ್ತರು ಬುಡಾಕಿಲ್ಲ."

ಸರ್ವೀಸ್ ಸೆಂಟರಿನ ಚೀಟಿ ಕೊಟ್ಟೆ. ಓದಿ ಮಡಚಿ ವಾಪಸು ಕೊಟ್ಟರು. ನಿಮ್ಮಲ್ಲಿ ಆ ಕಂಪ್ಯೂಟರ್ ಇದೆಯೇ ಎಂದು ಕೇಳಿದೆ.

"ನಮ್ತಾವ ಎಲ್ಲಿಂದ ಬರ್ಬೇಕು? ಅಂಗಂತ ಗಾಡಿ ಮಾತಾಡಾಕಿಲ್ವಾ?"

ಅವರು ಒಳಗೆ ಬಗ್ಗಿ, ಎಲ್ಲೋ ಇದ್ದ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಕೀ ತಿರುಗಿಸಿದರು. ಮೀಟರಿನ ಆ ಹಳದಿ ದೀಪ ಮಿಟುಕಲು ಶುರುವಾಯಿತು. ಮಿಟುಕುವುದು, ನಿಲ್ಲುವುದು, ಮತ್ತೆ ಮಿಟುಕುವುದು. ಅವರು ಬೆರಳ ಗಿಣ್ಣುಗಳಲ್ಲಿ ಎಣಿಸಿ, ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಟೈರಿನ ಮೇಲೆ ಒಂದು ನಂಬರು ಬರೆದರು. ನನಗೆ ಎಷ್ಟು ಖುಷಿಯಾಯಿತು, ಇಷ್ಟು ದಿನ ಬಾಯಿಬಿಡದೆ ಕೂತಿದ್ದ ಕಾರು ಕೊನೆಗೂ ಮಾತಾಡಿತಲ್ಲ!

"ಸರ್ವೀಸ್ನೋರು ಸುಳ್ಳೇಳಿಲ್ಲ ಕಣವ್ವ. ಆ ಮೂಸಿ ನೋಡೋ ಸೆನ್ಸರ್‌ದೇ ನಂಬ್ರು ಇದು. ಆದ್ರೆ ಅದು ಕೆಟ್ಟೋಗದೆ ಅಂತಲ್ಲ, ಗಾಳಿ ಜಾಸ್ತಿ ಬತ್ತಾ ಅದೆ ಅಂತ ಕೂಗ್ಕತಾ ಅದೆ. ಕಳ್ಳ ಬಂದ ಅಂತ ನಾಯಿ ಬೊಗಳುದ್ರೆ ಯಾರಾದ್ರೂ ನಾಯಿ ಬದಲಾಯಿಸ್ತಾರಾ? ಕಳ್ಳನ್ನ ಉಡುಕ್ಬೇಕು."

ಹೀಗೆ ಹೇಳಿ ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಕೊಟ್ಟು ಕೇಳಿದರು. ಏದುಸಿರು ಕೇಳಿ ತಲೆಯಾಡಿಸಿದರು. "ಎಲ್ಲೋ ಕಳ್ಳಗಾಳಿ ನುಗ್ತಾ ಅದೆ. ಊದುಬತ್ತಿ ಬೇಕಾಗಿತ್ತಲ್ಲ."

ಮಂಗಳಾರತಿಗೋ ಎಂದು ನಾನು ಗಾಬರಿಯಾದೆ. ಹಿಂದಿನ ಸೀಟಿನಿಂದ ಅತ್ತೆ ಮಾತ್ರ ತಡಮಾಡದೆ ಕೈಚೀಲದೊಳಗಿಂದ ಊದುಬತ್ತಿಯ ಪೊಟ್ಟಣ ಚಾಚಿದರು.

ಮೆಕ್ಯಾನಿಕ್ ಮೊದಲು ಪೆಟ್ರೋಲಿನ ಪೈಪುಗಳನ್ನೆಲ್ಲ ಸವರಿ, ಬೆರಳು ಮೂಸಿ, ಎಲ್ಲೂ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಒಂದು ಒದ್ದೆ ಗೋಣಿಚೀಲ ಪಕ್ಕದಲ್ಲಿಟ್ಟುಕೊಂಡರು. "ಇದ ನೀವು ಮನೇಲಿ ಮಾಡಾಕೋಗ್ಬ್ಯಾಡಿ ಮತ್ತೆ" ಎಂದು ನನ್ನನ್ನು ಎಚ್ಚರಿಸಿ, ಒಂದು ಕಡ್ಡಿ ಹಚ್ಚಿ, ಓಡುತ್ತಿದ್ದ ಎಂಜಿನ್ನಿನ ಸುತ್ತ ನಿಧಾನವಾಗಿ ಆಡಿಸಿದರು. ಹೊಗೆ ನೆಟ್ಟಗೆ ಮೇಲಕ್ಕೆ ಏಳುತ್ತಿತ್ತು. ಈ ಪೈಪಿನ ಮೇಲೆ, ಆ ಪೈಪಿನ ಮೇಲೆ, ಕ್ಲಿಪ್ಪುಗಳ ಬಳಿ, ಎಲ್ಲ ಕಡೆಯೂ ನೆಟ್ಟಗೆ. ಹಿಂಬದಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ಕರಿ ರಬ್ಬರ್ ಪೈಪಿನ ಹತ್ತಿರ ಬಂದಾಗ ಮೇಲೇಳುತ್ತಿದ್ದ ಹೊಗೆ ಫಕ್ಕನೆ ಬಗ್ಗಿ, ಸರ್ರನೆ ಪೈಪಿನೊಳಕ್ಕೆ ನುಗ್ಗಿಹೋಯಿತು.

"ಸಿಕ್ಕಾಕ್ಕಂಡ!" ಎಂದರು.

ಎಂಜಿನ್ನಿನ ಹೊಟ್ಟೆಯೊಳಗೆ ಏಳುವ ಎಣ್ಣೆ ಹೊಗೆಯನ್ನು ಆಚೆ ಬಿಟ್ಟು ಊರು ಕೆಡಿಸದೆ, ಮತ್ತೆ ಒಳಗೇ ಎಳೆದುಕೊಂಡು ಸುಡುವುದಕ್ಕೆ ಇರುವ ಪೈಪು ಅದು ಎಂದು ವಿವರಿಸುತ್ತಲೇ ಎಂಜಿನ್ ನಿಲ್ಲಿಸಿ ಅದನ್ನು ಬಿಚ್ಚಿದರು. ಪೈಪಿನ ಮಗ್ಗುಲಲ್ಲಿ ಮೆಣಸಿನಕಾಳಿನಷ್ಟು ಅಗಲದ ಒಂದು ತೂತು. ಕೊರೆದ ತೂತಲ್ಲ, ಅಂಚು ಕರಗಿ ಸುಟ್ಟಿದ್ದ ತೂತು. ಅದರ ಪಕ್ಕದ ಕ್ಲಿಪ್ಪಿನ ಸಂದಿಯಲ್ಲಿ, ಬೀಳಬಾರದೆಂದು ಆಳಕ್ಕೆ ಸಿಗಿಸಿದ್ದ, ಉರಿದು ಉಳಿದ ಒಂದಂಗುಲದ ಕಡ್ಡಿ. ಬುಡದ ತುದಿಗೆ ಕೆಂಪು ಬಣ್ಣ. ಮೆಕ್ಯಾನಿಕ್ಕಿನ ಕೈಯಲ್ಲಿ ಉರಿಯುತ್ತಿದ್ದ ಊದುಬತ್ತಿಯ ಬುಡಕ್ಕೂ ಅದೇ ಕೆಂಪು.

ನನ್ನ ಕೋಪ ಏಳುವುದಕ್ಕೆ ತಯಾರಾಗಿ ನಿಂತಿತ್ತು. ಎದ್ದಿತು, ಅತ್ತೆಯ ಕಡೆ ಅರ್ಧ ತಿರುಗಿತು. ಆಗ ಬಾಳೆಹಣ್ಣು ನೆನಪಾಯಿತು. ಬಾಗಿಲ ಮರೆ, ಕೈಯಲ್ಲಿನ ಸಿಪ್ಪೆ, "ಅಲ್ಲೇ ಎಲ್ಲಾದ್ರೂ ಸಿಗಿಸಿ" ಎಂದ ನನ್ನದೇ ದನಿ. ಅತ್ತೆ ಪಾಪ, ಸೊಸೆ ಹೇಳಿದ ಹಾಗೆ ಸಿಗಿಸಿದ್ದರು. ಜೀವನದಲ್ಲಿ ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ ಇರಬೇಕು.

ಮೆಕ್ಯಾನಿಕ್ ಆ ಕಡ್ಡಿಯನ್ನು ನೋಡಿದರು, ಬಿಳಿಚಿದ ನನ್ನ ಮುಖ ನೋಡಿದರು, ಹಿಂದಿನ ಸೀಟಿನಲ್ಲಿ ಪೊಟ್ಟಣ ಹಿಡಿದು ಕೂತ ಅತ್ತೆಯನ್ನು ನೋಡಿದರು.

"ಏನಂತಪ್ಪಾ ಅದಕ್ಕೆ?" ಅತ್ತೆ ಕೂಗಿ ಕೇಳಿದರು. ಎದ್ದಿದ್ದ ಬಾನೆಟ್ ಅಡ್ಡ ಇದ್ದುದರಿಂದ ಅವರಿಗೆ ಪೈಪು ಕಾಣುತ್ತಿರಲಿಲ್ಲ.

"ಇಲಿ ಕಡಿದದೆ ಕಣವ್ವಾ!" ಎಂದು ಮೆಕ್ಯಾನಿಕ್ ಅಷ್ಟೇ ಜೋರಾಗಿ ಹೇಳಿ, ಕಡ್ಡಿಯನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

"ಇಲೀನಾ? ಅಯ್ಯೋ ಶಿವನೇ. ಕಾರಿಗೂ ಬತ್ತವಾ?"

"ಎಲ್ಲಿಗಾದ್ರೂ ಬತ್ತವೆ."

ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಒಳಗೆ ಹೋಗಿ ಹೊಸ ರಬ್ಬರ್ ಪೈಪಿನ ಸುರುಳಿಯಿಂದ ಒಂದು ಗೇಣು ಕತ್ತರಿಸಿ ತಂದರು, ಎರಡು ಕ್ಲಿಪ್ ಹಾಕಿ ಬಿಗಿದರು. ಬ್ಯಾಟರಿಯ ವೈರು ಬಿಚ್ಚಿ, ನಮಗೆ ಟೀ ಕುಡಿಸುವಷ್ಟು ಹೊತ್ತು ಬಿಟ್ಟು, ಮತ್ತೆ ಹಾಕಿದರು. ಕೀ ತಿರುಗಿಸಿದೆ. ಹಳದಿ ದೀಪ ಒಂದು ಸಲ ಹತ್ತಿ, ಎಂಜಿನ್ ಶುರುವಾದ ಕೂಡಲೇ ಆರಿತು. ಎಂಜಿನ್ನು ನಿದ್ದೆ ಹೋದ ಮಗುವಿನ ಹಾಗೆ ಒಂದೇ ಸಮನೆ ಉಸಿರಾಡಿತು. ಎಷ್ಟಾಯಿತು ಎಂದು ಕೇಳಿದೆ. ಇಬ್ಬರು ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಕಾಫಿ ಕುಡಿದರೆ ಎಷ್ಟಾಗುತ್ತಿತ್ತೋ ಅಷ್ಟು ಹೇಳಿದರು. ಹೆಚ್ಚು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. ಊದುಬತ್ತಿಯ ಪೊಟ್ಟಣ ಅತ್ತೆಗೆ ಹಿಂದಿರುಗಿಸಲು ಅವರು ಕಿಟಕಿಗೆ ಬಗ್ಗಿದಾಗ ಜೇಬಿನಿಂದ ಆ ಕೆಂಪು ತುದಿ ಇಣುಕುತ್ತಿತ್ತು. ನಾನು ಹೋಗಿ ಅಡ್ಡ ನಿಂತೆ.

ಆವತ್ತು ಮಂಡಕಳ್ಳಿಯ ಕಡೆಗೆ ಕಾರು ಓಡಿಸಿದ ಹಾಗೆ ನಾನು ಮತ್ತೆಂದೂ ಓಡಿಸಿಲ್ಲ. ಜೋರಾಗಿ ಅಲ್ಲ, ಸುಮ್ಮನೆ ಹಾಡು ಗುನುಗುತ್ತಾ. ಚಿಕ್ಕತ್ತೆ ನಮ್ಮನ್ನು ಕಂಡು ಜಗಲಿಯಿಂದ ಇಳಿಯುವ ಆತುರದಲ್ಲಿ ಅವರೆಕಾಯಿಯ ಮೊರ ಚೆಲ್ಲಿಬಿಟ್ಟರು. ಸಂಜೆ ಮನೆಗೆ ಬಂದು ಎದುರು ಮನೆಯವರಿಗೆ ಕಾರು ಕೊಡುವುದಿಲ್ಲ ಎಂದು ಹೇಳಿ ಬಂದೆ. ಬೇರೆ ಸಮಯದಲ್ಲಾದರೆ ಅವರ ಅರ್ಧ ಬೆಲೆಯ ಬಗ್ಗೆಯೂ ನಾಲ್ಕು ಮಾತು ಹೇಳುತ್ತಿದ್ದೆ, ಅವತ್ತು ಸಂತೋಷಕ್ಕೆ ಬಿಟ್ಟೆ.

ಇಲಿಯ ಕತೆಯನ್ನು ಅತ್ತೆಯೇ ಮಗನಿಗೆ ಹೇಳಿದರು. ನೀರಿನ ಅಪವಾದದಿಂದ ಪಾರಾದ ಯಜಮಾನರು ಇಲಿಯ ಮೇಲೆ ಯುದ್ಧ ಸಾರಿದರು. ಒಂದು ಇಲಿಬೋನು ತಂದು ಕಾರಿನ ಕೆಳಗೆ ಇಟ್ಟರು. ಒಂದು ದಿನ ಕೊಬ್ಬರಿ, ಒಂದು ದಿನ ಬೋಂಡ, ಹಬ್ಬದ ದಿನ ಒಬ್ಬಟ್ಟಿನ ಚೂರು. ವರ್ಷವಿಡೀ ಇಟ್ಟರು. ಒಂದು ಇಲಿಯೂ ಬೀಳಲಿಲ್ಲ. "ನನ್ನ ಹೆದರಿಕೆಗೆ ಬೀದಿ ಬಿಟ್ಟೋಗಿವೆ" ಎಂದು ಅವರು ಫ್ಯಾಕ್ಟರಿ ಬಸ್ಸಿನಲ್ಲೆಲ್ಲ ಹೇಳಿಕೊಂಡು ಬಂದರು. ನಿಜ ಹೇಳಿದರೆ ಅತ್ತೆಗೆ ನೋವಾಗುತ್ತದೆ ಎಂದು ನಾನು ತುಟಿ ಬಿಚ್ಚಲಿಲ್ಲ. ನನ್ನ ಬಾಳೆಹಣ್ಣು ಹೊರಗೆ ಬರುತ್ತದೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮುಂದಿನ ಆಯುಧಪೂಜೆ ಬಂತು. ಮತ್ತೆ ನಿಂಬೆಹಣ್ಣು, ಬಾಳೆಕಂದು, ವಿಭೂತಿ. ಬಾನೆಟ್ ಎತ್ತಿದ್ದೂ ಆಯಿತು. ಗಂಟೆ ಹನ್ನೆರಡು, ನಾನು ಅಡುಗೆಮನೆಯಲ್ಲಿ ಹಸಿದು ನಿಂತಿದ್ದೆ. ಈ ಸಲ ಹಣ್ಣು ತರಲು ಅತ್ತೆ ನನ್ನನ್ನು ಕೂಗಲಿಲ್ಲ. ಕೋಲೂರಿಕೊಂಡು ತಾವೇ ಒಳಗೆ ಬಂದರು, ಚಿಪ್ಪಿನಿಂದ ಎರಡು ಬಾಳೆಹಣ್ಣು ಮುರಿದುಕೊಂಡರು. ಅಷ್ಟರಲ್ಲಿ ಯಜಮಾನರು ಬೋನಿಗೆ ಹಾಕಲು ಕೊಬ್ಬರಿ ಕೇಳುತ್ತಾ ಬಂದರು.

"ಆ ಬೋನು ಎತ್ತಿಡಪ್ಪ, ಸಾಕು" ಎಂದರು ಅತ್ತೆ.

"ಯಾಕಮ್ಮಾ? ಮತ್ತೆ ಇಲಿ ಬಂದ್ರೆ?"

"ಬರಾಕಿಲ್ಲ ಬುಡು."

ಅವರು ಹೋದ ಮೇಲೆ ಅತ್ತೆ ಒಂದು ಹಣ್ಣನ್ನು ಮೇಲೆತ್ತಿ, "ಇದು ಊದುಬತ್ತಿಗೆ. ಕಾಂಪೌಂಡ್ ಮೇಲೆ, ದೂರ ಇಡ್ತೀನಿ" ಎಂದರು. ಇನ್ನೊಂದನ್ನು ನನ್ನ ಕೈಗಿಟ್ಟು, ಬೆರಳುಗಳನ್ನು ತಾವೇ ಮಡಚಿದರು.

"ಇದು ನಿನಗೆ ಕಣಮ್ಮ. ಪೂಜೆ ಆಗೋಗಂಟ ಕಾಯ್ಬೇಡ, ಈಗ್ಲೇ ತಿಂದ್ಬುಡು."